ಜಾರುಗಾಡಿಯ ಪ್ರದಕ್ಷಿಣೆ

ಅಬ್ಬಿಗೆರೆಯ ಚಿಕ್ಕಬೈರಪ್ಪನವರಿಗೆ ಅರವತ್ತರ ಹೊಸ್ತಿಲಲ್ಲಿ ಜಾರುವ ಹುಚ್ಚು ಹತ್ತಿತು. ಬಚ್ಚಲಲ್ಲಿ ಜಾರದಿದ್ದರೆ ಸಾಕೆಂದು ದೇವರಿಗೆ ಕೈಮುಗಿಯುವ ವಯಸ್ಸಿನಲ್ಲಿ ನಡುರಸ್ತೆಯಲ್ಲಿ ಜಾರಬೇಕೆಂದು ಆಸೆಪಟ್ಟವರು ಊರಿಗೆಲ್ಲ ಅವರೊಬ್ಬರೇ.

ಹೊಲವೆಲ್ಲ ಸೈಟಾಗಿ, ಸೈಟೆಲ್ಲ ಬಿಲ್ಡಿಂಗಾಗಿ, ಬಿಲ್ಡಿಂಗಿನ ತುಂಬ ಬಾಡಿಗೆಯವರು ಸೇರಿಕೊಂಡ ಮೇಲೆ ಅವರ ಕೈಗೆ ಕೆಲಸವೇ ಇರಲಿಲ್ಲ. ಬೆಳಿಗ್ಗೆ ನೀರಿನ ಮೋಟರ್ ಹಾಕಬೇಕು, ಟ್ಯಾಂಕ್ ತುಂಬಿದ ಮೇಲೆ ಆರಿಸಬೇಕು. ಅಲ್ಲಿಗೆ ಆ ದಿನದ ಬೇಸಾಯ ಮುಗಿಯಿತು. ಮಾತಿನ ಮನುಷ್ಯರೂ ಅಲ್ಲ. ಗುಡಿಯಲ್ಲಿ ಯಾರಾದರೂ ಪದ್ಯ ಓದಿ ಅರ್ಥ ಹೇಳಿದರೆ ಕಂಬಕ್ಕೊರಗಿ ಕಣ್ಣುಮುಚ್ಚಿ ಕೇಳುವರು. ಮನೆಯಲ್ಲಿ ಹೆಂಡತಿ ವೆಂಕಟಲಕ್ಷ್ಮಮ್ಮನವರು ಪದ್ಯ ಓದದೆಯೇ ಅರ್ಥ ಬಿಡಿಸಿ ಹೇಳಿದರೂ ಅಷ್ಟೇ ಭಕ್ತಿಯಿಂದ ಕೇಳುವರು.

ಒಂದು ದಿನ ಮಗಳು ಮೋನಿಕಾ ತನ್ನ ಫೋನಿನಲ್ಲಿ ಏನೋ ತೋರಿಸಿದಳು. ಯಾವುದೋ ದೇಶದ ಇಳಿಜಾರು ರಸ್ತೆ. ಮೂರು ಚಕ್ರದ, ನೆಲಕ್ಕಂಟಿದಂತಹ ಗಾಡಿಗಳು. ಮುಂದಿನ ಚಕ್ರ ಒಂದು ಕಡೆ ನೋಡಿದರೆ ಹಿಂದಿನ ಎರಡು ಚಕ್ರ ಇನ್ನೊಂದು ಕಡೆ ಜಾರಿ, ಗಾಡಿಗೆ ಗಾಡಿಯೇ ನಾಟ್ಯದವಳ ಸೆರಗಿನಂತೆ ಬೀಸಿಕೊಂಡು ತಿರುವು ದಾಟುತ್ತಿತ್ತು.

"ಇದಕ್ಕೆ ಡ್ರಿಫ್ಟ್ ಟ್ರೈಕ್ ಅಂತಾರೆ ಅಪ್ಪ. ಮನೇಲೇ ಮಾಡ್ಕೋತಾರಂತೆ."

"ಮನೇಲೇ?" ಎಂದರು ಚಿಕ್ಕಬೈರಪ್ಪನವರು. ಆ ವಾರ ಅವರಾಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಮನೆಯ ಹಿಂದೆ ಹಳೆಯ ಕೊಟ್ಟಿಗೆಯೊಂದು ಉಳಿದಿತ್ತು. ದನಗಳು ಹೋಗಿದ್ದರೂ ಗೊಂತು ಹಾಗೇ ಇತ್ತು. ಅಲ್ಲಿ ಕೆಲಸ ಶುರುವಾಯಿತು. ಮೋನಿಕಾಳ ಸ್ಕೂಲಿನ ಕಾಲದ ಸೈಕಲ್ಲಿನಿಂದ ಮುಂದಿನ ಚಕ್ರ, ಹ್ಯಾಂಡಲ್ ಬಂದವು. ಗುಜರಿಯಲ್ಲಿ ಸಿಕ್ಕ ಬ್ಯಾಟರಿ ಸ್ಕೂಟರಿನಿಂದ ಮೋಟರ್, ಬ್ಯಾಟರಿ ಡಬ್ಬ, ಸ್ವಿಚ್ಚುಗಳು ಬಂದವು. ಕಾಲು ಕತ್ತರಿಸಿದ ಪ್ಲಾಸ್ಟಿಕ್ ಕುರ್ಚಿ ಸೀಟಾಯಿತು. ಹಿಂದಿನ ಚಕ್ರಗಳು ನೆಲ ಕಚ್ಚದೆ ಜಾರಬೇಕಲ್ಲ, ಅದಕ್ಕೆ ನೀರು ಬಾರದ ಬೋರ್‌ವೆಲ್ಲಿನ ಕೇಸಿಂಗ್ ಪೈಪನ್ನು ಬಳೆಯ ಹಾಗೆ ಕುಯ್ದು ಟೈರಿನ ಮೇಲೆ ತೊಡಿಸಿದರು.

"ಅಲ್ಲಾ ಕಣ್ರೀ," ಎಂದರು ವೆಂಕಟಲಕ್ಷ್ಮಮ್ಮನವರು ಸೊಂಟದ ಮೇಲೆ ಕೈಯಿಟ್ಟು, "ಜಾರ್‌ಬಾರ್ದು ಅಂತ ಲೋಕವೆಲ್ಲ ಟೈರ್ ಆಕಿಸ್ಕೊಂಡ್ರೆ, ನೀವು ಜಾರ್ಲಿ ಅಂತ ಟೈರ್‌ಗೇ ಪೈಪ್ ತೊಡಿಸ್ತಿದೀರಲ್ಲ. ಬುದ್ಧಿ ಎಲ್ಲಿಟ್ಟಿದೀರ?"

"ಪೈಪ್ ಒಳಗೆ," ಎಂದಳು ಮೋನಿಕಾ.

ಶೆಟ್ಟಿಹಳ್ಳಿಯ ಕಡೆಯಿಂದ ವೆಲ್ಡಿಂಗ್ ಮಣಿಕಂಠ ಬಂದ. ಮೋಟರಿನ ಚೈನು ಹಿಂದಿನ ಎರಡೂ ಚಕ್ರಕ್ಕೆ ಸೇರುವಂತೆ ಮಾಡೋಣ ಎಂದ. ಚಿಕ್ಕಬೈರಪ್ಪನವರು ತಲೆಯಲ್ಲಾಡಿಸಿ ಬಲಗಡೆಯ ಚಕ್ರವೊಂದನ್ನೇ ಮುಟ್ಟಿ ತೋರಿಸಿದರು.

"ಯಾಕಣ್ಣ, ಅದೊಂದಕ್ಕೇ?"

"ಹೊರಗಿನ ಎತ್ತು," ಎಂದರು.

ಮಣಿಕಂಠನಿಗೆ ಅರ್ಥವಾಗಲಿಲ್ಲ. ಅವನು ಕಣ ಕಂಡವನಲ್ಲ. ಇವರ ಕಣದಲ್ಲಿ ರಾಗಿ ತುಳಿಸುವಾಗ ನಡುವಿನ ಮೇಟಿಕಂಬದ ಸುತ್ತ ಎತ್ತುಗಳು ಯಾವಾಗಲೂ ಎಡಕ್ಕೇ ತಿರುಗುತ್ತಿದ್ದವು. ಒಳಗಿನ ಎತ್ತಿಗೆ ನಾಲ್ಕು ಹೆಜ್ಜೆಯಾದರೆ ಹೊರಗಿನದಕ್ಕೆ ಹತ್ತು. ಅದಕ್ಕೇ ಬಲವಾದ ಎತ್ತನ್ನು ಹೊರಗೆ, ಬಲಗಡೆ ಕಟ್ಟಬೇಕು. ಅಪ್ಪ ಹಾಗೆ ಕಟ್ಟಿದ್ದರು, ಅಜ್ಜ ಹಾಗೆ ಕಟ್ಟಿದ್ದರು. ಮೋಟರಿಗೆ ಕೊಂಬಿಲ್ಲ ಎಂಬ ಮಾತ್ರಕ್ಕೆ ಪದ್ಧತಿ ಬಿಡುವುದುಂಟೆ?

ಗಾಡಿ ಸಿದ್ಧವಾಗಿ ನಿಂತಿತು, ಚೆಂದವಾಗಿ ನಿಂತಿತು. ಆದರೆ ಅದು ನಿಂತ ಕೊಟ್ಟಿಗೆಯ ಮೇಲೆ ಆಗಲೇ ರತ್ನಕ್ಕನ ಕಣ್ಣಿತ್ತು. ಪಿಜಿಗಳಿಗೆಲ್ಲ ಚಪಾತಿ ಮಾಡಿ ಕಳಿಸುವ ರತ್ನಕ್ಕನಿಗೆ ದೊಡ್ಡ ಒಲೆ ಹೂಡಲು ಜಾಗ ಬೇಕಿತ್ತು. ವೆಂಕಟಲಕ್ಷ್ಮಮ್ಮನವರು ಕೊಡುವ ಮನಸ್ಸೂ ಮಾಡಿದ್ದರು. ಆ ಸಂಜೆ ಗಂಡನ ಮುಂದೆ ತೀರ್ಪು ಬಂತು.

"ನಮ್ಮನೆಗ್ ಬಂದ ಯಾವ ಗಾಡಿನೂ ಮಾರಮ್ಮನ್ನ ಮೂರ್ ಸುತ್ತು ಬರದೆ ರೋಡ್ ಕಂಡಿಲ್ಲ. ಟ್ರ್ಯಾಕ್ಟರ್ ಬಂದೈತೆ, ಟೆಂಪೋ ಬಂದೈತೆ, ವಾಷಿಂಗ್ ಮಿಷಿನ್ನೂ ಆಟೋದಾಗೆ ಕುಂತ್ಕಂಡು ಸುತ್ತು ಬಂದೈತೆ. ನಾಳೆ ಸುಕ್ರವಾರ. ಇದೂ ನೆಟ್ಟಗೆ ಮೂರ್ ಸುತ್ತು ಬಂದ್ರೆ ಕೊಟ್ಟಿಗೆ ಈ ಗಾಡಿಗೆ. ಬರ್ದಿದ್ರೆ ಗಾಡಿ ಗುಜರಿಗೆ, ಕೊಟ್ಟಿಗೆ ರತ್ನಕ್ಕಂಗೆ. ಅಮ್ಮನ ಮೇಲಾಣೆ."

ಚಿಕ್ಕಬೈರಪ್ಪನವರು ಆಗಲಿ ಎಂದು ತಲೆಯಾಡಿಸಿ, ಗಾಡಿಯನ್ನು ಹಿಂದಿನ ಲೇಔಟಿನ ಖಾಲಿ ರಸ್ತೆಗೆ ತಳ್ಳಿಕೊಂಡು ಹೋದರು. ಕೂತರು. ಆಕ್ಸಿಲರೇಟರ್ ತಿರುವಿದರು. ಗಾಡಿ ಗುಂಯ್ಯೆಂದು ಎಡಕ್ಕೆ ತಿರುಗಿ, ಬಾಲ ಬೀಸಿ, ಜಾರಿ, ಸುತ್ತಿ, ಹೊರಟಲ್ಲಿಗೇ ಬಂದು ನಿಂತಿತು. ಆಹಾ, ಅದೇನು ಸೊಗಸು! ಅವರಿಗೆ ಮೈಯೆಲ್ಲ ಪುಳಕ. ಈಗ ಬಲಕ್ಕೆ ನೋಡೋಣವೆಂದು ಹ್ಯಾಂಡಲ್ ತಿರುಗಿಸಿದರು. ಗಾಡಿ ನೆಟ್ಟಗೆ ಹೋಯಿತು. ಇನ್ನೂ ತಿರುಗಿಸಿದರು. ಇನ್ನೂ ನೆಟ್ಟಗೆ ಹೋಗಿ, ಮರಳಿನ ಗುಡ್ಡೆಗೆ ಮೂತಿ ಚುಚ್ಚಿ ಕೂತಿತು.

ಕಣದ ಎತ್ತು, ನಾಳೆಯ ಪ್ರದಕ್ಷಿಣೆ ಎರಡನ್ನೂ ಮೋನಿಕಾ ಬಿಡಿಸಿ ಹೇಳಿದಾಗ ಫೋನಿನಲ್ಲಿ ಮಣಿಕಂಠ ನಕ್ಕ. "ಅಣ್ಣ, ಬಲಗಡೆ ಚಕ್ರ ಒಂದೇ ನೂಕಿದ್ರೆ ಗಾಡಿ ಎಡಕ್ಕೇ ವಾಲೋದು. ಕಣಕ್ಕೆ ಸರಿಯಾಗ್ ಮಾಡಿದ್ರಿ, ಗುಡಿಗೆ ಉಲ್ಟಾ ಆಯ್ತು. ಪ್ರದಕ್ಷಿಣೆ ಬಲಕ್ಕಲ್ವಾ? ಎಲ್ಲಾ ಬಿಚ್ಚಿ ಆ ಕಡೆ ಕೂರಿಸ್ಬೇಕು. ಭಾನುವಾರ ಬರ್ತೀನಿ ಬಿಡಿ."

ಭಾನುವಾರದ ಹೊತ್ತಿಗೆ ಕೊಟ್ಟಿಗೆಯಲ್ಲಿ ಚಪಾತಿ ಉಬ್ಬುತ್ತಿರುತ್ತದೆ.

ಶುಕ್ರವಾರ ಬೆಳಿಗ್ಗೆ ಗುಡಿಯ ಅಂಗಳ ತೊಳೆದು ಕಲ್ಲುಚಪ್ಪಡಿಗಳು ಕನ್ನಡಿಯಾಗಿದ್ದವು. ಪೂಜಾರಿ ಮುನಿವೆಂಕಟಯ್ಯ ಗಾಡಿಯ ಹ್ಯಾಂಡಲ್ಲಿಗೆ ಹಾರ ಹಾಕಿ, ಮೋಟರಿಗೆ ಕುಂಕುಮವಿಟ್ಟು, ಚಕ್ರಕ್ಕೊಂದರಂತೆ ನಿಂಬೆಹಣ್ಣಿಟ್ಟ. ಹೆಂಗಸರು ಸೇರಿದ್ದರು. ರತ್ನಕ್ಕ ಕೈಯಲ್ಲಿ ಅಳತೆಯ ಟೇಪು ಹಿಡಿದೇ ಬಂದಿದ್ದಳು.

"ಇಲ್ಲಿಂದ ಸೀದಾ ಕೊಟ್ಟಿಗೆಗೇ ಹೋಗೋಣ ಅಂತ ಅಕ್ಕ," ಎಂದಳು, ಯಾರೂ ಕೇಳದಿದ್ದರೂ.

ಚಿಕ್ಕಬೈರಪ್ಪನವರು ಕೈಮುಗಿದು ಹೊರಟರು. ನಿಂಬೆಹಣ್ಣು ಒಡೆಯಿತು. ಬಲಕ್ಕೆ ತಿರುಗಿಸಿದರು. ಗಾಡಿ ದೇವಿಯನ್ನು ಬಿಟ್ಟು, ದಾರಿಯನ್ನು ಬಿಟ್ಟು, ಭಕ್ತರು ಕಳಚಿಟ್ಟ ಚಪ್ಪಲಿ ರಾಶಿಯೊಳಕ್ಕೆ ನೆಟ್ಟಗೆ ನುಗ್ಗಿತು.

"ಮೊದ್ಲು ಚಪ್ಪಲಿಗೆ ಪೂಜೆನಾ?" ಎಂದಿತು ಒಂದು ದನಿ.

ಗಾಬರಿಯಲ್ಲಿ ಎಡಕ್ಕೆ ತಿರುಗಿಸಿದರು. ಗಾಡಿ ಅದಕ್ಕೇ ಕಾದಿದ್ದಂತೆ ಸರ್ರನೆ ಬಾಲ ಬೀಸಿ ಗುಡಿಯನ್ನು ಎಡಸುತ್ತು ಸುತ್ತತೊಡಗಿತು. ಹೆಂಗಸರೆಲ್ಲ ಹೋ ಎಂದರು.

"ನಿಲ್ಸಿ! ನಿಲ್ಸಿ ಅಂದೆ!" ವೆಂಕಟಲಕ್ಷ್ಮಮ್ಮನವರು ಮಂಗಳಾರತಿ ತಟ್ಟೆ ಹಿಡಿದೇ ಮುಂದೆ ಬಂದರು. "ಎಡಸುತ್ತು ಸುಡುಗಾಡಲ್ಲಿ ಎಣಕ್ಕೆ ಬರೋದು, ದ್ಯಾವ್ರಿಗಲ್ಲ! ಆಯ್ತು, ಸಾಕು. ರತ್ನಕ್ಕ, ಟೇಪ್ ಇಡ್ಕೊಂಡು ನಡಿ."

ಗಾಡಿ ನಿಂತಿತು. ಚಿಕ್ಕಬೈರಪ್ಪನವರ ಎದೆಯಲ್ಲಿ ಗೊಂತು, ನೊಗ, ಕೊಟ್ಟಿಗೆಯ ಮಸಿಬಳಿದ ತೊಲೆ ಎಲ್ಲ ಒಮ್ಮೆಗೇ ಹಾದುಹೋದವು. ನಾಳೆಯಿಂದ ಮತ್ತೆ ಟ್ಯಾಂಕು, ಮತ್ತೆ ಮೋಟರು. ಅವರು ಹ್ಯಾಂಡಲ್ಲಿನ ಮೇಲಿದ್ದ ಕೆಂಪು ಸ್ವಿಚ್ಚನ್ನು ನೋಡಿದರು. ಸ್ಕೂಟರಿಗೆ ಹಿಂದೆ ಸರಿಯಲೆಂದು ಕೊಟ್ಟದ್ದು. ಎತ್ತು ಹಿಂದಕ್ಕೆ ನಡೆದು ಕಣ ಸುತ್ತುವುದಿಲ್ಲ. ಮೋಟರಿಗೇನು?

ಸ್ವಿಚ್ಚು ಒತ್ತಿದರು. ಗಾಡಿ ಹಿಂದಕ್ಕೆ ಹೊರಟಿತು. ಎಡಕ್ಕೆ ಸುತ್ತಿದ ಜಾಡಿನಲ್ಲೇ, ಅಂಡು ಮುಂದಾಗಿ ಮೂತಿ ಹಿಂದಾಗಿ, ಗುಡಿಯನ್ನು ಬಲಕ್ಕೆ ಸುತ್ತಿತು!

"ಬಲಸುತ್ತು! ಬಲಸುತ್ತು!" ಎಂದು ಮೋನಿಕಾ ಫೋನ್ ಹಿಡಿದು ಕುಣಿದಳು.

ಮುನಿವೆಂಕಟಯ್ಯ ಕೈಯೆತ್ತಿ ತಡೆದ. "ತಡಿಯಪ್ಪ ಬೈರಪ್ಪ. ಗಾಡಿ ಬಲಕ್ಕೆ ಓಯ್ತು, ಒಪ್ಕೊಂಡೆ. ಆದ್ರೆ ಪ್ರದಕ್ಷಿಣೆ ಅಂದ್ರೆ ಅಮ್ಮ ನಮ್ ಬಲಗೈ ಕಡೆ ಇರ್ಬೇಕು. ನಿಂಗೆ ಎಡಗೈ ಕಡೆ ಅವ್ಳೆ. ಬೆನ್ನು ಮುಂದೆ ಮಾಡ್ಕೊಂಡು ಓದ್ರೆ ಯಾವ ಲೆಕ್ಕ?"

"ಮೊಖ ತಿರುಗಿಸ್ಕೊಂಡು ಕೂರ್ಲಿ ಹಾಗಾದ್ರೆ," ಎಂದಳು ರತ್ನಕ್ಕ ಕೊಂಕಾಗಿ.

"ಹ್ಯಾಂಡಲ್ ಯಾರು ಹಿಡಿಯೋದು, ನಿನ್ ಲಟ್ಟಣಿಗೆನಾ?" ಎಂದಳು ಮೋನಿಕಾ. ಆಮೇಲೆ ಗಾಡಿಯ ಹಿಂಬದಿಗೆ ಬಗ್ಗಿ ನೋಡಿದಳು. "ಅಲ್ಲ, ಅಪ್ಪ ಹಂಗೇ ಓಡಿಸ್ಲಿ. ಹಿಂದುಗಡೆ ಬ್ಯಾಟರಿ ಡಬ್ಬ ಇದೆಯಲ್ಲ, ಅದರ ಮೇಲೆ ಅಪ್ಪನಿಗೆ ಬೆನ್ನು ಕೊಟ್ಟು ಇನ್ನೊಬ್ಬರು ಕೂತ್ರೆ? ಅವರು ಹೋಗೋ ಕಡೆಗೇ ನೋಡ್ತಿರ್ತಾರೆ. ಮಾರಮ್ಮ ಅವರ ಬಲಗೈಗೇ ಬರ್ತಾಳೆ."

ಪೂಜಾರಿ ಬೆರಳಿನಿಂದ ಗಾಳಿಯಲ್ಲಿ ಒಮ್ಮೆ ಸುತ್ತು ಬರೆದು ನೋಡಿ, ಹೌದೆಂದು ಒಪ್ಪಿದ. ಕೂರುವವರು ಯಾರು? ಮಂಗಳಾರತಿ ತಟ್ಟೆ ಯಾರ ಕೈಯಲ್ಲಿತ್ತೋ ಅವರ ಕಡೆಗೆ ಎಲ್ಲರ ಕಣ್ಣೂ ತಿರುಗಿತು.

"ನಾನಾ? ಈ ಡಬ್ಬದ ಮ್ಯಾಲಾ? ಸತ್ರೂ ಇಲ್ಲ!"

"ಆಣೆ ಇಟ್ಟೋಳು ನೀನೇ ಕಣಮ್ಮ," ಎಂದ ಮುನಿವೆಂಕಟಯ್ಯ. "ಅಮ್ಮನ ಮೇಲಿಟ್ಟ ಆಣೆ. ಸುತ್ತೋಕೆ ದಾರಿ ಐತೆ ಅಂತ ಗೊತ್ತಾದ್ಮೇಲೆ ಸುತ್ತಿಸ್ದೆ ಓದ್ರೆ ತಪ್ಪು ಯಾರ್ದು?"

ವೆಂಕಟಲಕ್ಷ್ಮಮ್ಮನವರು ಮಾರಮ್ಮನನ್ನು ನೋಡಿದರು. ಮಾರಮ್ಮ ಬೆಳ್ಳಿಯ ಕಣ್ಣು ಮಿಟುಕಿಸದೆ ಇವರನ್ನೇ ನೋಡುತ್ತಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಗಂಡನನ್ನು ಬೈಯುತ್ತ ಬೈಯುತ್ತಲೇ ಡಬ್ಬದ ಮೇಲೆ ಕೂತರು. ಬೆನ್ನಿಗೆ ಬೆನ್ನು ತಾಗಿತು.

"ಮೆತ್ತಗೆ, ತಿಳೀತಾ? ಜಾರ್ಸಿದ್ರೋ..."

ಗಾಡಿ ಹೊರಟಿತು. ಮೊದಲ ಸುತ್ತಿಗೆ ಅವರು ಕಣ್ಣುಮುಚ್ಚಿ ಅಮ್ಮಾ ಅಮ್ಮಾ ಎಂದರು. ಗುಡಿಯ ಹಿಂಬದಿಯ ತೊಳೆದ ಕಲ್ಲಿನ ಮೇಲೆ ಪೈಪಿನ ಚಕ್ರಗಳು ಒಮ್ಮೆಗೇ ಹಿಡಿತ ಬಿಟ್ಟವು. ಗಾಡಿ ಬೆಣ್ಣೆಯ ಮೇಲಿನ ಬೆರಳಿನಂತೆ ಜಾರಿತು. ವೆಂಕಟಲಕ್ಷ್ಮಮ್ಮನವರು ಕಿಟಾರನೆ ಕಿರುಚಿದರು. ಕರ್ಪೂರದ ಜ್ವಾಲೆ ಅಡ್ಡಡ್ಡ ಓಡಿತು. ಎರಡನೆಯ ಸುತ್ತಿನಲ್ಲಿ ಅದೇ ಕಲ್ಲು ಬಂತು, ಅದೇ ಜಾರಿಕೆ ಬಂತು. ಈ ಸಲ ಹೊರಟದ್ದು ಕಿರುಚಾಟವಲ್ಲ. ಮದುವೆಗೆ ಮುಂಚೆ ಹುಣಸೆಮರದ ಉಯ್ಯಾಲೆಯಲ್ಲಿ ಬಿಟ್ಟು ಬಂದಿದ್ದ ಯಾವುದೋ ನಗು. ಚಿಕ್ಕಬೈರಪ್ಪನವರಿಗೆ ಆ ನಗು ಕಾಣಲಿಲ್ಲ, ಬೆನ್ನಿಗೆ ತಾಗಿತು.

ಮೂರು ಮುಗಿಯಿತೆಂದು ಅವರು ಬ್ರೇಕಿಗೆ ಕೈಹಾಕಿದರು.

"ನಿಲ್ಸಿದ್ರೆ ನೋಡಿ ಮತ್ತೆ!" ಎಂದಿತು ಬೆನ್ನು.

ಅಂತೂ ನಿಲ್ಲುವ ಹೊತ್ತಿಗೆ ಕರ್ಪೂರ ಆರಿಹೋಗಿತ್ತು. ವೆಂಕಟಲಕ್ಷ್ಮಮ್ಮನವರ ತುರುಬು ಬಿಚ್ಚಿ ಮಲ್ಲಿಗೆ ಅಂಗಳದ ತುಂಬ ಉದುರಿತ್ತು. ಮುನಿವೆಂಕಟಯ್ಯ ತೀರ್ಥ ಕೊಡುತ್ತ ಗಂಭೀರವಾಗಿ ಹೇಳಿದ:

"ಪ್ರದಕ್ಷಿಣೆ ಆಯ್ತು. ಆದ್ರೆ ಆಗಿದ್ದು ನಿಂದು ತಾಯಿ. ಬೈರಪ್ಪಂಗೆ ಕೊನೇವರ್ಗೂ ಅಮ್ಮ ಎಡಕ್ಕೇ ಇದ್ಳು. ಅವನು ಎಳ್ದ ಅಷ್ಟೆ."

"ಹಂಗಾದ್ರೆ ನನ್ ಒಲೆ?" ಎಂದಳು ರತ್ನಕ್ಕ, ಟೇಪು ಎಳೆದು ಬಿಟ್ಟು ಎಳೆದು ಬಿಟ್ಟು.

"ಕೊಟ್ಟಿಗೆ ಇಲ್ಲ ಕಣೇ ರತ್ನಕ್ಕ. ಬೇಕಾದ್ರೆ ಮೇಲ್ಗಡೆ ಟೆರೇಸ್ ತಗೋ," ಎಂದರು ವೆಂಕಟಲಕ್ಷ್ಮಮ್ಮನವರು ತುರುಬು ಕಟ್ಟಿಕೊಳ್ಳುತ್ತ. "ಕೊಟ್ಟಿಗೆ ನಿಂಗ್ ಕೊಟ್ರೆ ನನ್ ಗಾಡಿ ಎಲ್ಲಿ ನಿಲ್ಲಿಸ್ಲಿ?"

ನನ್ ಗಾಡಿ ಎಂಬ ಮಾತಿಗೆ ಚಿಕ್ಕಬೈರಪ್ಪನವರು ಬಾಯಿ ತೆರೆದರು. ತಿಂಗಳುಗಟ್ಟಲೆ ಕುಯ್ದದ್ದು, ಬೆಸೆದದ್ದು, ಬೆರಳು ಸುಟ್ಟುಕೊಂಡದ್ದು ನಾಲಗೆಯ ತುದಿಗೆ ಬಂತು. ಕೊಟ್ಟಿಗೆ ಉಳಿಯಿತಲ್ಲ ಎಂದುಕೊಂಡು ತೀರ್ಥದ ಜೊತೆ ಅದನ್ನೂ ನುಂಗಿದರು.

ಹೆಂಡತಿ ಆಗಲೇ ಡಬ್ಬದ ಮೇಲೆ ಕೂತಾಗಿತ್ತು.

"ಯಾಕ್ರೀ ನಿಂತ್ರಿ? ನಡೀರಿ ಮನೆಗೆ. ಇಂಗೇ, ಇಂದಕ್ಕೇ. ನಂಗೆ ದಾರಿ ಕಾಣ್ತದೆ."

ಗಾಡಿ ಅಬ್ಬಿಗೆರೆಯ ಬೀದಿಯಲ್ಲಿ ಹಿಂದುಹಿಂದಾಗಿ ಸಾಗಿತು. ಹಾಲಿನ ಬೂತಿನವನು ಹೊರಬಂದು ನೋಡಿದ. ಎದುರು ಬಂದ ಆಟೋ ತಾನೇ ಪಕ್ಕಕ್ಕೆ ಸರಿಯಿತು. ಚಿಕ್ಕಬೈರಪ್ಪನವರಿಗೆ ಮುಂದೇನಿದೆಯೆಂದು ಕಾಣುತ್ತಿರಲಿಲ್ಲ, ಕೇಳುತ್ತಿತ್ತು, ಅಷ್ಟೆ.

"ಬಲಕ್ಕೆ ತಿರುಗ್ಸಿ... ಅಯ್ಯೋ, ನಿಮ್ ಬಲ ಅಲ್ಲ ಕಣ್ರೀ, ನನ್ ಬಲ!"