ಕರಿ ಚೀಲದೊಳಗಿನ ಸೂಜಿ

ಬಾಗಲಕೋಟೆಯ ನಮ್ಮ ಖಾಸಗಿ ಆಸ್ಪತ್ರೆಯಲ್ಲಿ ಬಳಸಿದ ಸೂಜಿ ಕತ್ತರಿಸುವ ಯಂತ್ರವೊಂದಿದೆ. ಖಂಡೇನವಮಿಗೆ ಅದಕ್ಕೆ ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿ, ಕಾಯಿ ಒಡೆಯುತ್ತೇವೆ. ವರ್ಷದ ಉಳಿದ ದಿನ ಅದರ ವೈರು ಪ್ಲಗ್ಗಿನ ಮುಖ ನೋಡುವುದಿಲ್ಲ. ಬಳಸಿ ಕೆಟ್ಟರೆ ತಪಾಸಣೆಗೆ ಬಂದವರಿಗೆ ಏನು ತೋರಿಸುವುದೆಂದು ನಮ್ಮ ಡಾಕ್ಟರ್ ಪ್ರವೀಣಕುಮಾರರ ಚಿಂತೆ. ಸೂಜಿ ಹಾಕುವ ಬಿಳಿ ಡಬ್ಬಿಯೂ ಅಷ್ಟೇ, ತೊಳೆದು ಒರೆಸಿ ಕಪಾಟಿನಲ್ಲಿ ಕೂರಿಸಿದ್ದಾರೆ. ನಾವು ನರ್ಸುಗಳು ಸೂಜಿಗೆ ಮುಚ್ಚಳ ಸಿಕ್ಕಿಸಿ, ಚಹಾದ ಕಪ್ಪು, ಬಾಳೆಹಣ್ಣಿನ ಸಿಪ್ಪೆ ಹೋಗುವ ಕರಿ ಚೀಲಕ್ಕೇ ಒಗೆಯುತ್ತೇವೆ. ಎಲ್ಲರೂ ಮಾಡುತ್ತಾರೆಂದು ನಾನೂ ಮಾಡುತ್ತಿದ್ದೆ.

ಮಂಗಳವಾರ ಬೆಳಿಗ್ಗೆ ಆ ಚೀಲ ಎತ್ತಿದ ಮೌಲಾಬಿಯ ಅಂಗೈಗೆ ಮುಚ್ಚಳ ಕಳಚಿದ ಸೂಜಿಯೊಂದು ಹೊಕ್ಕಿತು. ಮೌಲಾಬಿ ಶಿರೂರಿನಿಂದ ಬಸ್ಸಿಗೆ ಬಂದು ಕಸ ಗುಡಿಸುವವಳು, ಆರು ತಿಂಗಳ ಕೂಸಿನ ತಾಯಿ. ಹಿಂದಿನ ರಾತ್ರಿಯಿಂದ ವಾರ್ಡಿನಲ್ಲಿ ಸೂಜಿ ಹಿಡಿದವಳು ನಾನೊಬ್ಬಳೇ. ಅದರಲ್ಲಿದ್ದದ್ದು ಯಾವ ರೋಗಿಯ ರಕ್ತವೋ ಹೇಳಲಾರೆ.

ಸೋಪಿನಿಂದ ಕೈ ತೊಳೆಸಿ ಡಾಕ್ಟರ ಹತ್ತಿರ ಕರೆದೊಯ್ದೆ.

"ಅಯೋಡಿನ್ ಹಚ್ಚಿ ಮನಿಗೆ ಕಳಸು," ಅಂದರು. "ರಜಿಸ್ಟರದಾಗ ಬರೀಬ್ಯಾಡ, ನಾಳೆ ತಪಾಸಣಿ ಐತಿ. ಯಾರರ ಕೇಳಿದ್ರ ಮನ್ಯಾಗ ಕೌದಿ ಹೊಲಿಯೋಮುಂದ ಚುಚ್ಚೇತಿ ಅನ್ಲಿ."

ಕೌದಿಯಂತೆ! ಏಡ್ಸ್ ತಡೆಯುವ ಗುಳಿಗೆ ಎಷ್ಟು ಬೇಗ ನುಂಗಿದರೆ ಅಷ್ಟು ಒಳ್ಳೆಯದು, ಮೂರು ದಿನ ದಾಟಿದರೆ ಉಪಯೋಗವಿಲ್ಲ. ಇದು ಈ ಮನುಷ್ಯನಿಗೆ ನನಗಿಂತ ಚೆನ್ನಾಗಿ ಗೊತ್ತು. ಸ್ವಂತ ಮಗಳಿಗೆ ಚುಚ್ಚಿದ್ದರೆ ಇಷ್ಟೊತ್ತಿಗೆ ಕಾರು ಹುಬ್ಬಳ್ಳಿ ಹಾದಿ ಹಿಡಿದಿರುತ್ತಿತ್ತು.

ರಜಿಸ್ಟರ್ ಎಳೆದುಕೊಂಡು ಬರೆದೆ: 'ಕರಿ ಚೀಲದಲ್ಲಿದ್ದ ಸೂಜಿ ಚುಚ್ಚಿದೆ. ಒಗೆದವಳು ಶಿವಗಂಗಾ, ಸ್ಟಾಫ್ ನರ್ಸ್.'

"ತಲಿ ಕೆಟ್ಟೈತೇನು? ನಾಳಿಂದ ಬರಬ್ಯಾಡ ನೀ!"

"ಬರಂಗಿಲ್ರಿ. ಕಸದ ಚೀಲಾ ನಾಳಿಂದ ನೀವ ಎತ್ರಿ."

ಮೌಲಾಬಿಯನ್ನು ನಾನೇ ಸರಕಾರಿ ದವಾಖಾನೆಗೆ ಕರೆದೊಯ್ದೆ. ಅಲ್ಲಿ ರಕ್ತ ತೆಗೆದು ಮೊದಲ ಗುಳಿಗೆ ನುಂಗಿಸಿದರು. ಇಪ್ಪತ್ತೆಂಟು ದಿನ ತಪ್ಪಿಸಬಾರದು ಅಂದರು. ಮೌಲಾಬಿ ನನ್ನ ಕೈ ಹಿಡಿದೇ ಕೂತಿದ್ದಳು. ಓದು ಬಾರದವಳು, ನಾನೇನು ಬರೆದೆನೆಂದು ಅವಳಿಗೆ ತಿಳಿದಿರಲಿಲ್ಲ.

"ನಿಮ್ಮ ಉಪಕಾರ ಮರಿಯಂಗಿಲ್ರಿ ಅಕ್ಕಾರ," ಅಂದಳು. "ಆ ಸೂಜಿ ಒಗದಾಕಿ ಕೈಗೆ ಸಿಗ್ಲಿ, ಬಿಡಂಗಿಲ್ಲ ನಾ."

ಸುಮ್ಮನಿದ್ದುಬಿಡಬಹುದಿತ್ತು. ಹಾಗೆ ಅನ್ನಿಸಿದ್ದಕ್ಕೇ ನನ್ನ ಮೇಲೆ ನನಗೆ ಸಿಟ್ಟು ಉಕ್ಕಿತು.

"ನಾನ, ಮೌಲಾಬಿ. ಒಗದಾಕಿ ನಾನ."

ಅವಳು ಕೈ ಬಿಟ್ಟಳು. ಎದ್ದುಹೋಗಿ ಎದುರಿನ ಬೆಂಚಿನ ಮೇಲೆ ಕೂತಳು. ಅಲ್ಲಿಂದಲೇ ಕೇಳಿದಳು.

"ಕೂಸಿಗೆ ಇವತ್ತ ಎದಿಹಾಲ ಕುಡಸ್ಲೋ, ಬ್ಯಾಡೋ? ಅದನ್ನರ ಹೇಳು."