ಮೀನಪ್ಪನ ಡಬ್ಬಿ

ಮೀನಪ್ಪ ಊಟ ಬಿಟ್ಟಿದ್ದ. ಮುನಿಸಿಕೊಂಡ ಅಳಿಯನಾದರೂ ನಾಲ್ಕು ಸಲ ಕರೆದರೆ ಎದ್ದು ಬಂದಾನು. ಈ ಬೆಕ್ಕು ಜಪ್ಪಯ್ಯ ಅಂದರೂ ಬಟ್ಟಲಿನ ಹತ್ತಿರ ಸುಳಿಯಲಿಲ್ಲ. ದೂರದಿಂದಲೇ ಮೂಸುವುದು, ಮೀಸೆ ಕೊಡವುವುದು, ಸೋಫಾದ ಕೆಳಗೆ ಹೋಗಿ ಬೆನ್ನು ತಿರುಗಿಸಿ ಮಲಗುವುದು. ಅಷ್ಟೇ.

ಅವನ ಜೊತೆ ಚಿಕ್ಕಮ್ಮನೂ ಅರ್ಧ ಊಟ ಬಿಟ್ಟಿದ್ದಳು. ಮಗಳು ಇನ್ನೂ ಎರಡು ಜಡೆ ಹಾಕಿಕೊಳ್ಳುತ್ತಿದ್ದ ಕಾಲದಲ್ಲಿ ಅಪ್ಪ ಎರಡನೇ ಮದುವೆಯಾಗಿ ಮನೆಗೆ ಕರೆತಂದವಳು ಅವಳು. "ಚಿಕ್ಕಮ್ಮ ಅನ್ನು" ಎಂದು ಅಪ್ಪ ಹೇಳಿಕೊಟ್ಟ; ಆ ಹೆಸರೇ ಅಂಟಿಕೊಂಡಿತು. ಅಪ್ಪ ತೀರಿಕೊಂಡ ಮೇಲೂ ಕಡಲಾಚೆಯ ದೇಶದಲ್ಲಿ ಒಬ್ಬಳೇ ಹೊಲಿಗೆ ಅಂಗಡಿ ನಡೆಸಿಕೊಂಡಿದ್ದವಳನ್ನು, "ಸಾಕು ದುಡಿದಿದ್ದು, ನನ್ನ ಜೊತೆ ಇರು ಬಾ" ಎಂದು ಗೋಗರೆದು ಕರೆಸಿಕೊಂಡಿದ್ದು ಮಗಳೇ. ಸೂಟ್‌ಕೇಸು, ಹೊಲಿಗೆ ಯಂತ್ರ, ಈ ಮುದಿ ಬೆಕ್ಕು, ಇಷ್ಟರ ಜೊತೆ ಚಿಕ್ಕಮ್ಮ ಬಂದಿಳಿದಳು. ಬೆಕ್ಕಿಗೆಂದು ತಂದಿದ್ದ ಡಬ್ಬಿಗಳು ಮುಗಿದಾಗ ಮಗಳು ಅದೇ ಕಂಪನಿಯದ್ದು, ಅದೇ ನೀಲಿ ಬಣ್ಣದ್ದು, ಅದೇ ನಗುವ ಮೀನಿನ ಚಿತ್ರದ್ದು ಇಲ್ಲಿನ ಅಂಗಡಿಯಲ್ಲೇ ಹುಡುಕಿ ತಂದಳು. ಮೀನಪ್ಪನ ಮುಷ್ಕರ ಶುರುವಾಗಿದ್ದು ಆವತ್ತೇ.

"ಬೆಕ್ಕು ಹೀಗೆ ಉಪವಾಸ ಬಿದ್ರೆ ಲಿವರ್ ಕೈಕೊಡುತ್ತೆ" ಎಂದಿದ್ದರು ಡಾಕ್ಟರು. "ನಾಳೆ ಬೆಳಿಗ್ಗೆವರೆಗೂ ನೋಡಿ. ಇಲ್ಲಾಂದ್ರೆ ಕರ್ಕೊಂಡ್ ಬನ್ನಿ, ಮೂಗಿಗೆ ನಳಿಗೆ ಹಾಕ್ಬೇಕಾಗುತ್ತೆ. ಈ ವಯಸ್ಸಲ್ಲಿ ಅದು..." ಅಷ್ಟಕ್ಕೇ ನಿಲ್ಲಿಸಿದ್ದರು.

ಚಿಕ್ಕಮ್ಮ ಆಸ್ಪತ್ರೆಯಿಂದ ಮನೆಗೆ ಬಂದವಳೇ ಸೂಟ್‌ಕೇಸಿಗೆ ಸೀರೆಗಳನ್ನು ತುಂಬಿ ಬಾಗಿಲ ಪಕ್ಕ ನಿಲ್ಲಿಸಿದಳು.

"ಇವನಿಗೆ ಇಲ್ಲಿ ಅನ್ನದ ಋಣ ಇಲ್ಲ ಕಣೇ. ಜೀವ ಉಳ್ಕೊಂಡ್ರೆ ನಾನು ಇವನನ್ನ ಕರ್ಕೊಂಡು ವಾಪಸ್ ಹೋಗ್ತೀನಿ. ನೀನು ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳದೆ ಮಗಳು ಇನ್ನೇನು, ಹಬೆಯಾಡುವ ಕಾಫಿ ಮಾಡಿಕೊಂಡು ಕುಡಿಯಬೇಕಿತ್ತೇ?

ಮಜಾ ಏನಪ್ಪಾ ಅಂದರೆ, ಮಗಳಿಗೆ ಕೆಲಸ ಇರುವುದೇ ಬೆಕ್ಕು ನಾಯಿಗಳ ತಿನಿಸು ಮಾಡುವ ಕಾರ್ಖಾನೆಯೊಂದರಲ್ಲಿ, ಅದೂ ಲೇಬಲ್ ತಿದ್ದುವ ಮೇಜಿನಲ್ಲಿ. ಯಾವ ದೇಶಕ್ಕೆ ಹೋಗುವ ಡಬ್ಬಿಯ ಮೇಲೆ ಯಾವ ಮಾತು ಬರೆಯಬಹುದು, ಯಾವುದನ್ನು ಬರೆದರೆ ಲಾರಿ ವಾಪಸ್ ಬರುತ್ತದೆ, ಎಲ್ಲ ಅವಳಿಗೆ ಬಾಯಿಪಾಠ. ಆದರೆ ಇಡೀ ದಿನ ಸಣ್ಣಕ್ಷರ ಓದಿ ಕಣ್ಣು ಹಿಂಡಿಕೊಂಡವಳು ಮನೆಗೆ ಬಂದರೆ ಉಪ್ಪಿನ ಪೊಟ್ಟಣವನ್ನೂ ತಿರುಗಿಸಿ ನೋಡುವವಳಲ್ಲ.

ಸಂಜೆ ಅವಳ ಕೋಟಿನ ಗುಂಡಿ ಕಿತ್ತುಬಂತು. ನಾಳೆ ಆಸ್ಪತ್ರೆಗೆ ಹಾಕಿಕೊಂಡು ಹೋಗಲು ಇದ್ದದ್ದು ಅದೊಂದೇ ಕೋಟು. ಹೊಲಿಗೆ ಯಂತ್ರದ ಮೇಲೆ ಚಿಕ್ಕಮ್ಮನ ಗುಂಡಿ ಡಬ್ಬಿ ಇತ್ತು. ಕಡಲಾಚೆ ಮೀನಪ್ಪ ಖಾಲಿ ಮಾಡಿದ ಹಳೆಯ ಡಬ್ಬಿಯೇ ಅದು. ಗುಂಡಿ ಹುಡುಕಲು ಅದನ್ನು ಬಾಗಿಸಿದಾಗ ಹಿಂಭಾಗ ಕಣ್ಣಿಗೆ ಬಿತ್ತು. ಅಭ್ಯಾಸಬಲ, ಓದಿಯೇ ಬಿಟ್ಟಳು. ಓದಿ, "ಅಯ್ಯೋ ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡಳು.

"ಏನಾಯ್ತೇ?"

"ಚಿಕ್ಕಮ್ಮಾ, ಇದರ ಮುಂದೆ ಏನು ಬರ್ದಿದೆ?"

"ಮೀನು. ನನಗೇನು ಕಣ್ಣು ಕಾಣಲ್ವಾ?"

"ಮೀನು ಅಲ್ಲ, ಮೀನಿನ ರುಚಿ. ಪಕ್ಕದಲ್ಲಿ ಇರುವೆಯಷ್ಟು ಸಣ್ಣಕ್ಷರದಲ್ಲಿದೆ ನೋಡು. ಆ ದೇಶದಲ್ಲಿ ರುಚಿ ಅಂತ ಬರೆಯೋಕೆ ಮೀನಿನ ವಾಸನೆ ಹತ್ತಿದ್ರೆ ಸಾಕು. ಹಿಂದಿನ ಪಟ್ಟಿಯಲ್ಲಿ ಯಾವುದು ಜಾಸ್ತಿಯೋ ಅದೇ ಮೊದಲು; ಇಲ್ಲಿ ಮೊದಲು ಇರೋದು ಕೋಳಿ ಲಿವರ್. ಮೀನು ಕಟ್ಟಕಡೆಗೆ, ಉಪ್ಪು ಆದ್ಮೇಲೆ! ನಮ್ಮಲ್ಲಿ ಹಾಗಲ್ಲ. ಇಷ್ಟು ದಪ್ಪಕ್ಷರದಲ್ಲಿ ಮೀನು ಅಂತ ಹಾಕಿದ್ರೆ ಒಳಗೆ ನಿಜವಾಗ್ಲೂ ಮೀನೇ ತುಂಬಿರ್ಬೇಕು."

ಚಿಕ್ಕಮ್ಮ ಕನ್ನಡಕ ಸರಿಮಾಡಿಕೊಂಡಳು. "ಅಂದ್ರೆ ನನ್ನ ಮೀನಪ್ಪ..."

"ಹುಟ್ಟಿದಾಗಿಂದ ಮೀನು ತಿಂದೇ ಇಲ್ಲ! ಪಾಪದ ಮುಂಡೇದು, ಈಗ ಮೀನು ಮುಂದಿಟ್ರೆ ಇದ್ಯಾವ ಪೀಡೆ ಅಂದ್ಕೊಂಡಿದೆ."

ಗುಂಡಿ ಇಲ್ಲದ ಕೋಟಿನಲ್ಲೇ ಮಗಳು ಮೂಲೆಯ ಮಾಂಸದಂಗಡಿಗೆ ಓಡಿದಳು. ತಂದ ಲಿವರನ್ನು ಉಪ್ಪು ಹಾಕದೆ ಬೇಯಿಸಿ, ಕಿವುಚಿ, ಆರಿಸಿ, ಸೋಫಾದ ಮುಂದೆ ಇಟ್ಟಳು. ಇಬ್ಬರೂ ನೆಲದ ಮೇಲೆ ಉಸಿರು ಬಿಗಿಹಿಡಿದು ಕೂತರು. ಮೊದಲು ಮೂಗು ಹೊರಗೆ ಬಂತು. ಆಮೇಲೆ ಮೀಸೆ. ಕೊನೆಗೆ ಮೀನಪ್ಪ ಪೂರ್ತಿಯಾಗಿ ಬಂದು, ಒಂದು ಸಲ ನೆಕ್ಕಿ, ಬಟ್ಟಲಿಗೆ ಮುಖ ಹುದುಗಿಸಿದ. ತಿನ್ನುವ ಸದ್ದು ಕೋಣೆಯೆಲ್ಲ ಕೇಳಿಸುತ್ತಿತ್ತು.

ಚಿಕ್ಕಮ್ಮ ನಕ್ಕಳು, ನಗುತ್ತಲೇ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ಕಳ್ಳ! ಇಷ್ಟು ವರ್ಷ ಮೀನಪ್ಪ ಮೀನಪ್ಪ ಅಂತ ಕೊಂಡಾಡಿದ್ನಲ್ಲೋ."

"ಇನ್ನು ಹೆಸರು ಬದಲಾಯಿಸ್ತೀಯಾ?" ಮಗಳು ರೇಗಿಸಿದಳು.

"ಯಾಕೆ ಬದಲಾಯಿಸ್ಲಿ? ಕೂಗಿದ್ರೆ ಬರ್ತಾನೆ, ಸಾಕು. ನೀನು ಚಿಕ್ಕಮ್ಮ ಅಂತ ಕೂಗಿದ್ರೆ ನಾನು ಬರಲ್ವಾ?"

ಚಿಕ್ಕಮ್ಮ ಇದನ್ನು ಬೆಕ್ಕಿನ ಬೆನ್ನು ಸವರುತ್ತಾ, ಮಾಮೂಲಿ ಮಾತಿನ ಹಾಗೆ ಹೇಳಿದಳು. ಜ್ವರ ಬಂದಾಗಲೆಲ್ಲ ರಾತ್ರಿಯಿಡೀ ಹಣೆಯ ಮೇಲೆ ಇರುತ್ತಿದ್ದದ್ದು ಇದೇ ಕೈ. ಮಗಳು ಆ ಕೈಯನ್ನೇ ನೋಡಿದಳು. ಊರ ಡಬ್ಬಿಗಳ ಹೆಸರನ್ನೆಲ್ಲ ತಿದ್ದುವವಳು, ಮನೆಯೊಳಗಿನ ಈ ಒಂದನ್ನು ಇಷ್ಟು ವರ್ಷ ಹಾಗೇ ಬಿಟ್ಟಿದ್ದಳು.

"ಅಮ್ಮಾ" ಎಂದಳು. "ಆ ಸೂಟ್‌ಕೇಸು ಅಟ್ಟಕ್ಕೆ ಹಾಕ್ಲಾ?"

ಬೆನ್ನು ಸವರುತ್ತಿದ್ದ ಕೈ ಒಂದು ಗಳಿಗೆ ನಿಂತಿತು. ಮೀನಪ್ಪ ಬಟ್ಟಲಿನಿಂದ ತಲೆ ಎತ್ತಿ, ಯಾಕೆ ನಿಲ್ಲಿಸಿದೆ ಎಂಬಂತೆ ನೋಡಿದ.

"ಹಾಕು" ಎಂದಳು ಅವಳು, ಮೂಗೊರೆಸಿಕೊಳ್ಳುತ್ತಾ. "ಮೊದಲು ಒಳಗಿರೋ ಸೀರೆ ತೆಗಿ, ಮುದುರಿ ಹೋಗ್ತವೆ. ಆಮೇಲೆ ಆ ಕೋಟು ಕೊಡಿಲ್ಲಿ, ಗುಂಡಿ ಹಚ್ಚಿ ಕೊಡ್ತೀನಿ."