ಎಷ್ಟನೇ ಬ್ಯಾರನ್

ಆಷಾಢದಿಂದ ದಸರಾವರೆಗೆ ನಮ್ಮೂರಲ್ಲಿ ಯಾರೂ ವಾರ, ತಾರೀಕು ಕೇಳುವುದಿಲ್ಲ. ಎಷ್ಟನೇ ಬ್ಯಾರನ್ ಎಂದು ಕೇಳುತ್ತಾರೆ. ಹಸಿ ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟಿ, ಬ್ಯಾರನ್ ಎಂಬ ಆ ಎತ್ತರದ ಮನೆಯೊಳಗೆ ಏರಿಸಿ, ಬೆಂಕಿ ಕೊಟ್ಟು ಹದ ಮಾಡಿ ಇಳಿಸಲು ಒಂದು ವಾರ ಬೇಕು. ಇಳಿಸಿದ ಮಾರನೆಯ ದಿನವೇ ಮತ್ತೊಂದನ್ನು ಏರಿಸಬೇಕು. ನಮ್ಮ ರಾವಂದೂರು ಕಡೆಯವರಿಗೆ ಸಾಯುವುದಕ್ಕೂ ಪುರುಸೊತ್ತಿಲ್ಲ ಎಂದು ನಾನು ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದೆ. ಅಷ್ಟು ದೊಡ್ಡ ಮನುಷ್ಯ ನಾನು.

ತೊಂಬತ್ತೆಂಟರಲ್ಲಿ, ಎರಡನೇ ಬ್ಯಾರನ್ ಉರಿಯುತ್ತಿದ್ದಾಗ, ನನ್ನ ಹೆಂಡತಿ ಚಾಮುಂಡಮ್ಮ ಸೌದೆ ತಂದು ಹಾಕಿ ನಿಂತಳು.

“ಬಲ್ಬ್ ಸುತ್ತ ಬಣ್ಣಬಣ್ಣದ ಬಳೆ ಕಂಡಂಗಾಯ್ತದೆ ಕಣ್ರೀ. ಕಣ್ಣೂ ನೋಯ್ತವೆ. ಒಂದ್ಸಲ ಮೈಸೂರ್ಗೆ ಓಗಿ ತೋರಿಸ್ಕಂಡು ಬರನ.”

“ಒಗೆ ಕಣ್ಣಿಗೆ ಒಡದದೆ, ಬುಡಮ್ಮಿ. ಇದೊಂದು ಬ್ಯಾರನ್ ಇಳೀಲಿ, ಓಗನ.”

ಅದು ಇಳಿಯಿತು, ಮೂರನೆಯದು ಏರಿತು. ನಾಲ್ಕನೆಯದು ಇಳಿದಾಗ ಒಮ್ಮೆ, ಆರನೆಯದು ಇಳಿದಾಗ ಒಮ್ಮೆ ಕೇಳಿದಳು. ನಾನು ಒಂದು ಸಲವೂ ಆಗುವುದಿಲ್ಲ ಎನ್ನಲಿಲ್ಲ. ಅದೇ ನನ್ನ ಜಾಣತನ. ಬರೀ ಒಂದು ವಾರ ತಡಿ ಎಂದೆ. ಆಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ನನಗೆ ನಿರಾಳವಾಯಿತು.

ಒಂಬತ್ತು ಬ್ಯಾರನ್ ಮುಗಿದ ಮೇಲೆ ಗ್ರೇಡಿಂಗು. ಬೆಂದ ಸೊಪ್ಪನ್ನು ಬಣ್ಣ ನೋಡಿ ಬೇರೆ ಮಾಡುವ ಕೆಲಸ. ಅದರಲ್ಲಿ ನಮ್ಮ ಬೀದಿಯಲ್ಲಿ ಚಾಮುಂಡಮ್ಮನನ್ನು ಮೀರಿಸುವವರಿರಲಿಲ್ಲ. ಆ ವರ್ಷ ಮಾತ್ರ ಒಂದೊಂದು ಎಲೆಯನ್ನೂ ಬಾಗಿಲಿಗೆ ತಂದು ಬೆಳಕಿಗೆ ಹಿಡಿಯುತ್ತಿದ್ದಳು. ಕೆಲಸ ಸಾಗದೆ ನನಗೆ ರೇಗಿತು.

“ನಿದ್ದೆ ಮಾಡ್ತಾ ಇದ್ದಿಯಾ?” ಎಂದು ಬೈದೆ. ಅವಳು ಮತ್ತೊಂದು ಎಲೆ ಹಿಡಿದು ಬಾಗಿಲಿಗೆ ಹೋದಳು.

ಹರಾಜಿನಲ್ಲಿ ಅಧಿಕಾರಿ ಬೇಲ್ ಎನ್ನುವ ನಮ್ಮ ಸೊಪ್ಪಿನ ಮೂಟೆಯೊಳಗೆ ಕೈ ಹಾಕಿ ಒಂದು ಹಿಡಿ ಎಳೆದ. ಹಳದಿ ಸೊಪ್ಪಿನ ನಡುವೆ ಕಂದು ಸೊಪ್ಪು.

“ಯಜಮಾನ್ರೆ, ಎಲ್ಲಾ ಬೆರಕೆ ಮಾಡಿದ್ದೀರಲ್ಲ” ಎಂದು ಬೇಲನ್ನು ವಾಪಸ್ಸು ಮಾಡಿದ. ಸಾಲಿನಲ್ಲಿದ್ದವರು ಮುಸಿಮುಸಿ ನಕ್ಕರು. ಮೈಯೆಲ್ಲ ಉರಿದು ಮನೆಗೆ ಬಂದವನೇ ಅವಳ ಮುಂದೆ ಎರಡು ಎಲೆ ಎಸೆದೆ.

“ಇವೆಲ್ಡೂ ಒಂದೇನಾ? ನೋಡು.”

ಅವಳು ಎರಡನ್ನೂ ಎತ್ತಿಕೊಂಡು ಹೆಬ್ಬೆರಳಲ್ಲಿ ಸವರಿದಳು. ಎಡಗಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದಳು.

“ಒಂದೇ ಅಲ್ವಾ?” ಎಂದು ಕೇಳಿದಳು. ನಿಜವಾಗಿಯೂ ಕೇಳಿದಳು.

ನನ್ನ ಕೋಪ ಎಲ್ಲಿ ಹೋಯಿತೋ ಗೊತ್ತಿಲ್ಲ. ಮಾರನೆಯ ದಿನ ಮೊದಲ ಬಸ್ಸಿಗೇ ಮೈಸೂರಿಗೆ ಹೋದೆವು.

ನಮ್ಮ ಮಗಳ ವಯಸ್ಸಿನ ಡಾಕ್ಟರಮ್ಮ, ಇದು ಯಾವಾಗಿಂದ ಎಂದು ಕೇಳಿದರು.

“ಎರಡನೇ ಬ್ಯಾರನ್ ಟೈಮಿಂದ ಕಣವ್ವ” ಎಂದೆ.

“ಹಾಗಂದ್ರೆ?”

ಬೆರಳು ಮಡಿಸಿ ಎಣಿಸಿದೆ. ಐದು ತಿಂಗಳಾಗಿತ್ತು. ವಾರ ವಾರವೆಂದು ಬಿಡಿಬಿಡಿಯಾಗಿ ಕೇಳಿದ್ದೆನಲ್ಲ, ಎಲ್ಲ ಸೇರಿ ಅಷ್ಟಾಗಿದೆ ಎಂದು ಆ ಕುರ್ಚಿಯಲ್ಲಿ ಕೂತಾಗಲೇ ನನಗೆ ಗೊತ್ತಾದದ್ದು.

“ಕಣ್ಣೊಳಗಿನ ಒತ್ತಡಕ್ಕೆ ನರ ಹಾಳಾಗಿದೆ. ಆಗಲೇ ಬಂದಿದ್ರೆ ಎರಡು ಕಣ್ಣೂ ಉಳಿಸಬಹುದಿತ್ತು. ಬಲಗಣ್ಣಿನದು ಮುಗೀತು. ಹೋದ ನೋಟ ಮತ್ತೆ ಬರಲ್ಲ. ಎಡಗಣ್ಣಲ್ಲಿ ಉಳಿದಿರೋದನ್ನಾದ್ರೂ ಕಾಪಾಡ್ಕೊಳ್ಳಿ.”

ಚಾಮುಂಡಮ್ಮ ಅಳಲಿಲ್ಲ. ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರುತ್ತೇನೆ ಎಂದಳು, ಅಷ್ಟೆ. ಬಿಳಿಕೆರೆ ದಾಟುವವರೆಗೂ ನಾನು ಅವಳ ಕಡೆ ತಿರುಗಲಿಲ್ಲ. ನಾಚಿಕೆಯಾಗುತ್ತಿತ್ತು.

ಈಗ ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಎಡಗಣ್ಣಿಗೆ ಹನಿ ಬಿಡಬೇಕು. ಬಿಟ್ಟ ಮೇಲೆ ಅವಳು ಐದು ನಿಮಿಷ ಕಣ್ಣು ಮುಚ್ಚಿ ಕೂರಬೇಕು. ಆ ಕೆಲಸ ನನ್ನದು. ಮೊದಮೊದಲು ಹನಿ ಬಿಟ್ಟವನೇ ಎದ್ದು ಹೋಗುತ್ತಿದ್ದೆ. ಮೊನ್ನೆ ಬೆಳಿಗ್ಗೆ, ಕೂರೋಣ ಅನ್ನಿಸಿತು. ಜಗಲಿಯ ಮೇಲೆ ಅವಳ ಪಕ್ಕದಲ್ಲೇ ಸುಮ್ಮನೆ ಕೂತೆ. ಬಹಳ ದಣಿದಿದ್ದೆ, ಆದರೂ ಹಿತವಾಗಿತ್ತು. ಮದುವೆಯಾದ ಮೂವತ್ತು ವರ್ಷದಲ್ಲಿ ಹಾಗೆ ಕೂತ ನೆನಪಿಲ್ಲ.

ಐದು ನಿಮಿಷ ಕಳೆದು ಅವಳು ಕಣ್ಣು ಬಿಟ್ಟಳು. ಬೀದಿ ಕಡೆ ನೋಡಿದಳು.

“ಆಗ್ಲೇ ಎದ್ದೋದ್ರೇನೋ” ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. ದನಿಯಲ್ಲಿ ಬೇಸರವೂ ಇರಲಿಲ್ಲ.

ನಾನು ಅವಳ ಬಲಕ್ಕೆ, ಒಂದು ಮೊಳ ದೂರದಲ್ಲಿ ಕೂತಿದ್ದೆ.